ಮಹಾನವಮಿಯ ಸಂಜೆ ನಾಲ್ಕು ಗಂಟೆ

ಸಂಘದ ಪತ್ರ ಯಾವುದಿದ್ದರೂ ಧನಲಕ್ಷ್ಮಿಯಿಂದಲೇ ಟೈಪು ಮಾಡಿಸುತ್ತಿದ್ದ ಕಾರ್ಯದರ್ಶಿ ಓಂಕಾರಪ್ಪನವರು, ಅದೊಂದು ಕಾಗದವನ್ನು ಮಾತ್ರ ಭದ್ರಾವತಿ ಬಸ್ ಸ್ಟ್ಯಾಂಡಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಮಾಡಿಸಿ ತಂದಿದ್ದರು. ಅದರಲ್ಲಿ ಮೂರು ಕಾಗುಣಿತದ ತಪ್ಪುಗಳಿದ್ದವು. ಹದಿನಾರು ವರ್ಷ ಸಂಘದ ಪತ್ರಗಳನ್ನು ತಿದ್ದಿ ಪಳಗಿದ ಕಣ್ಣು; ಧನಲಕ್ಷ್ಮಿಗೆ ಮೊದಲು ಕಂಡದ್ದು ಆ ತಪ್ಪುಗಳೇ. ಕಾಗದದ ಅರ್ಥ ತಲೆಗೆ ಹತ್ತಿದ್ದು ಆಮೇಲೆ.

ಅರ್ಥ ಇಷ್ಟು: ಉದಯರವಿ ಗೃಹ ನಿರ್ಮಾಣ ಸಹಕಾರ ಸಂಘದ ಕಂಪ್ಯೂಟರ್ ಆಪರೇಟರ್ ಆದ ನಾನು, ಈ ಸಾಲಿನ ವಾರ್ಷಿಕ ಮಹಾಸಭೆಯ ಹಾಜರಿಯನ್ನು ಕಂಪ್ಯೂಟರಿಗೆ ಹತ್ತಿಸುವಾಗ ಕಣ್ತಪ್ಪಿನಿಂದ ತೊಂಬತ್ತಮೂರು ಜನ ಗೈರುಹಾಜರಾದವರನ್ನು ಹಾಜರು ಎಂದು ನಮೂದಿಸಿರುತ್ತೇನೆ. ನಂತರ ನಾನೇ ಅದನ್ನು ಸರಿಪಡಿಸಿರುತ್ತೇನೆ. ಇದಕ್ಕಾಗಿ ವಿಷಾದಿಸುತ್ತೇನೆ.

"ಇಲ್ಲಿ ಹಾಕಮ್ಮ ಸಹಿ," ಎಂದು ಓಂಕಾರಪ್ಪ ಕೆಳಗಿನ ಚುಕ್ಕಿ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು.

"ನಾನು ಹಂಗೆ ಮಾಡಿಲ್ವಲ್ಲ ಸಾರ್."

"ಮಾಡಿದೀಯ ಅಂತ ಯಾರಂದ್ರು? ಕಣ್ತಪ್ಪು ಅಂತ ಬರ್ಸಿದೀನಿ. ಮನುಷ್ಯರಿಗೆ ಕಣ್ಣಿರುತ್ತೆ, ತಪ್ಪುತ್ತೆ. ನಾಳಿದ್ದು ಸೋಮವಾರ ಚುನಾವಣಾಧಿಕಾರಿ ಬರ್ತಾರೆ, ಆಕ್ಷೇಪಣೆ ಕೇಳಕ್ಕೆ. ಮೂರು ಗಂಟೆಗೆ ಮತದಾರರ ಪಟ್ಟಿ ಫೈನಲ್. ಅಷ್ಟರೊಳಗೆ ಇದು ಅವರ ಟೇಬಲ್ ಮೇಲಿರ್ಬೇಕು."

"ಹಾಕ್ದೇ ಇದ್ರೆ?"

ಓಂಕಾರಪ್ಪ ಕನ್ನಡಕ ತೆಗೆದು ಶರ್ಟಿನ ತುದಿಯಲ್ಲಿ ಒರೆಸಿದರು. ಅವರು ಬೆದರಿಸುವ ಮೊದಲು ಯಾವಾಗಲೂ ಕನ್ನಡಕ ಒರೆಸುತ್ತಿದ್ದರು. ಎದುರಿಗಿರುವವರ ಮುಖ ಕಾಣದಿದ್ದರೆ ಮಾತು ಸಲೀಸಾಗಿ ಬರುತ್ತದೆ.

"ಮಂಗಳವಾರದಿಂದ ಈ ಕುರ್ಚಿಗೆ ಬೇರೆಯವರು. ಅಧ್ಯಕ್ಷರು ಹೇಳಿಬಿಟ್ಟಿದಾರೆ."

ಆ ತೊಂಬತ್ತಮೂರು ಮಂದಿ ಯಾರೆಂದು ಹೇಳಬೇಕು. ಎಲ್ಲರೂ ಊರಿನ ಕಬ್ಬಿಣದ ಕಾರ್ಖಾನೆಯಿಂದ ನಿವೃತ್ತರಾದವರು. ಅವರ ಮುಂದಾಳು ಪರಮೇಶ್ವರಪ್ಪ ಎಂಬ ಹಳೆಯ ಕ್ರೇನ್ ಆಪರೇಟರು. ಮೂವತ್ತು ವರ್ಷ ಎತ್ತರದಲ್ಲಿ ಕೂತು ಕೆಳಗಿನವರಿಗೆ ಕೂಗಿ ಹೇಳಿದ ಗಂಟಲು, ನಿವೃತ್ತಿಯಾದ ಮೇಲೂ ತಗ್ಗಿರಲಿಲ್ಲ. ಲೇಔಟಿನ ನಕ್ಷೆಯಲ್ಲಿ ಪಾರ್ಕು ಎಂದು ಬರೆದಿದ್ದ ಜಾಗದಲ್ಲಿ ಅಧ್ಯಕ್ಷರ ಕಲ್ಯಾಣ ಮಂಟಪದ ಪಾಯ ಎದ್ದದ್ದು ಹೇಗೆ ಎಂದು ಆ ಗಂಟಲು ಪ್ರತಿ ಮಹಾಸಭೆಯಲ್ಲೂ ಕೇಳುತ್ತಿತ್ತು. ಈ ಸಲ ನಿರ್ದೇಶಕರ ಚುನಾವಣೆಗೇ ನಿಲ್ಲುತ್ತೇನೆಂದು ಹೊರಟಿತ್ತು. ಆದರೆ ಆ ವರ್ಷದ ಮಹಾಸಭೆಗೆ ಬಾರದ ಸದಸ್ಯನಿಗೆ ಮತವಿಲ್ಲ ಎಂಬುದು ಸಂಘದ ನಿಯಮ. ಈ ವರ್ಷ ಗೈರು ಎಂದಾದರೆ ತೊಂಬತ್ತಮೂರೂ ಮತ ಹೊರಗೆ, ಪಾರ್ಕು ಕಲ್ಯಾಣ ಮಂಟಪದ ಒಳಗೆ.

ಅವರು ಸಭೆಗೆ ಬಂದದ್ದು ಊರಿಗೇ ಗೊತ್ತು. ಸಹಿ ಹಾಕಿದವರಿಗಷ್ಟೇ ಊಟದ ಕೂಪನ್. ಪರಮೇಶ್ವರಪ್ಪ ಎರಡನೇ ಸಲ ಕೇಸರಿಬಾತು ಹಾಕಿಸಿಕೊಂಡದ್ದನ್ನು ಧನಲಕ್ಷ್ಮಿಯೇ ನೋಡಿದ್ದಳು. ಆದರೆ ಕೇಸರಿಬಾತು ದಾಖಲೆಯಲ್ಲ. ಸಹಿಯ ಪುಸ್ತಕಕ್ಕೆ ಗೆದ್ದಲು ಹಿಡಿಯಿತೆಂದು ಓಂಕಾರಪ್ಪ ಹೇಳಿದ್ದರು. ಸ್ಟೀಲ್ ಬೀರುವಿನೊಳಗೆ ಹೊಕ್ಕ ಆ ಗೆದ್ದಲು, ಹಿಂದಿನ ಹನ್ನೊಂದು ವರ್ಷಗಳ ಪುಸ್ತಕಗಳನ್ನು ಮೂಸಿಯೂ ನೋಡದೆ ಈ ವರ್ಷದ್ದೊಂದನ್ನೇ ಆರಿಸಿ ತಿಂದಿತ್ತು. ಈಗ ಉಳಿದದ್ದು ಕಂಪ್ಯೂಟರಿನ ಫೈಲು ಮಾತ್ರ.

ಓಂಕಾರಪ್ಪ ಊಟಕ್ಕೆ ಹೋದ ಮೇಲೆ ಧನಲಕ್ಷ್ಮಿ ಆ ಫೈಲು ತೆರೆದಳು. ಹಾಜರಾದವರ ಹೆಸರಿನ ಮುಂದೆ 'ಹಾ', ಬಾರದವರ ಮುಂದೆ 'ಗೈ' ಎಂದು ಅವಳೇ ಹಾಕಿದ್ದ ಪಟ್ಟಿ. ಪರಮೇಶ್ವರಪ್ಪನ ಮುಂದೆ 'ಗೈ' ಇತ್ತು. ಅವರ ಜೊತೆಗೆ ಕೂತು ಉಂಡವರೆಲ್ಲ 'ಗೈ'. ಒಂದು ಕ್ಷಣ ಅವಳಿಗೆ ತನ್ನ ಮೇಲೇ ಅನುಮಾನ ಬಂತು. ಅದು ಬಂದದ್ದಕ್ಕೇ ಸಿಟ್ಟು ಬಂತು. ಸಿಟ್ಟು ಬಂದಾಗ ಅವಳು ಪೇಪರ್ ಟೌನಿನ ತನ್ನ ಅಮ್ಮನ ತಮಿಳಿನಲ್ಲಿ ಬೈಯುತ್ತಿದ್ದಳು, ಬೈದಳು.

"ಯಾರಿಗೆ ಧನಮ್ಮ ಮಂಗಳಾರತಿ?" ಎಂದು ಕಸ ಗುಡಿಸುತ್ತಿದ್ದ ಚೌಡಮ್ಮ ಕೇಳಿದಳು. ಸಂಘ ಹುಟ್ಟಿದಾಗಿನಿಂದ ಅಲ್ಲಿ ಕಸ ಗುಡಿಸುತ್ತಿರುವವಳು ಅವಳು. ಐದು ಜನ ಕಾರ್ಯದರ್ಶಿಗಳು ಬಂದು ಹೋದದ್ದನ್ನು ಪೊರಕೆ ಹಿಡಿದೇ ನೋಡಿದ್ದಳು.

"ಗೆದ್ದಲಿಗೆ."

"ಸರಿಯಾಗಿ ಬೈಯ್ಯಿ. ಅದಕ್ಕೆ ಕಿವಿ ಮಂದ." ಚೌಡಮ್ಮ ಬಟ್ಟೆ ತೆಗೆದುಕೊಂಡು ಬೀರುವಿನ ನೆತ್ತಿ ಒರೆಸತೊಡಗಿದಳು. ಅಲ್ಲಿ ಇಡ್ಲಿ ಪಾತ್ರೆಯಷ್ಟು ಗಾತ್ರದ ಒಂದು ಕರಿ ಪೆಟ್ಟಿಗೆ ಕೂತಿತ್ತು. ಮೈತುಂಬ ಕುಂಕುಮ, ಮುಂದೆ ಒಂದು ಹಸಿರು ದೀಪ.

ಧನಲಕ್ಷ್ಮಿ ಬೈಯುವುದನ್ನು ನಿಲ್ಲಿಸಿ ಆ ಪೆಟ್ಟಿಗೆಯನ್ನೇ ನೋಡಿದಳು.

ಐದು ವರ್ಷದ ಹಿಂದೆ ಕಂಪ್ಯೂಟರಿಗೆ ವೈರಸ್ ಹೊಕ್ಕು ಸಂಘದ ಇಡೀ ದಾಖಲೆ ಹಾಳಾಗಿತ್ತು. ಆಗ ಶಿವಮೊಗ್ಗದಿಂದ ಶಶಿಧರ್ ಎಂಬ ರಿಪೇರಿಯವನು ಬಂದು, ಆ ಪೆಟ್ಟಿಗೆಯನ್ನು ಬೀರುವಿನ ಮೇಲೆ ಕೂರಿಸಿ ಹೋಗಿದ್ದ. 'ಇದು ತನ್ನ ಪಾಡಿಗೆ ಇರುತ್ತೆ ಮೇಡಂ, ನೀವು ಮರ್ತುಬಿಡಿ,' ಅಂದಿದ್ದ. ಮಾತು ಮೀರದ ಜನ, ಎಲ್ಲರೂ ಮರೆತಿದ್ದರು. ಓಂಕಾರಪ್ಪನವರು ಅದನ್ನು ಯುಪಿಎಸ್ ಬ್ಯಾಟರಿಯ ಮರಿ ಎಂದು ತಿಳಿದಿದ್ದರು.

ಭಾನುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಅವಳು ಶಿವಮೊಗ್ಗದ ರಾಗಿಗುಡ್ಡದಲ್ಲಿದ್ದಳು. ಶಶಿಧರ್ ಬರ್ಮುಡಾ ತೊಟ್ಟು ಮನೆಮುಂದೆ ಸ್ಕೂಟರ್ ತೊಳೆಯುತ್ತಿದ್ದ.

"ಅದಿನ್ನೂ ಬದುಕಿದ್ಯಾ?" ಎಂದ, ದೂರದ ನೆಂಟರ ಬಗ್ಗೆ ಕೇಳುವವನಂತೆ. "ಹಸಿರು ಲೈಟ್ ಉರೀತಿದೆ ಅಂದ್ರೆ ಬದುಕಿದೆ. ಹೊತ್ಕೊಂಡು ಬಂದಿದೀರಾ ಹೆಂಗೆ?"

"ಇಲ್ಲ. ತರ್ಬೇಕಿತ್ತಾ?"

"ಅಯ್ಯೋ ಬೇಡ ಮಾರಾಯ್ರೆ! ಆಫೀಸಿಂದ ಒಂದಿಂಚು ಅಲ್ಲಾಡಬಾರ್ದು. ಆಮೇಲೆ ಶಿವಮೊಗ್ಗಕ್ಕೆ ಒಯ್ದು ಏನೋ ಸೇರ್ಸಿದ್ರು ಅಂತಾರೆ. ತೆಗೆಯೋದಿದ್ರೆ ಅಲ್ಲೇ, ಎಲ್ಲರ ಎದುರಿಗೆ, ನೀವೇ ತೆಗೀಬೇಕು."

"ನನಗೆ ಬರಲ್ಲ."

"ಬರುತ್ತೆ. ಕಾಫಿ ಕುಡೀರಿ, ಬರುತ್ತೆ."

ಶಶಿಧರನ ಹೆಂಡತಿ ಲಿಖಿತಾ ಕಾಫಿ ತಂದಳು. ಅವನು ಒದ್ದೆ ಕೈಯನ್ನು ಬರ್ಮುಡಾಕ್ಕೆ ಒರೆಸಿಕೊಂಡು ಲ್ಯಾಪ್‌ಟಾಪ್ ತೆರೆದ. ಆಫೀಸಿನ ಕಂಪ್ಯೂಟರ್ ಚಾಲೂ ಇದ್ದಾಗಲೆಲ್ಲ ಆ ಪೆಟ್ಟಿಗೆ ಗಂಟೆಗೊಮ್ಮೆ ಅದರೊಳಗಿನ ಫೈಲುಗಳನ್ನು ಎಳೆದಿಟ್ಟುಕೊಳ್ಳುತ್ತದೆ, ಹಳೆಯದನ್ನು ಅಳಿಸುವುದೇ ಇಲ್ಲ ಎಂದು ವಿವರಿಸಿದ. ಹಾಗೆ ಇಟ್ಟುಕೊಂಡದ್ದು ಚೂರುಚೂರಾಗಿ, ಬೀಗ ಹಾಕಿದ ಸ್ಥಿತಿಯಲ್ಲಿ ಇರುತ್ತದೆ. ಹಾಗೇ ನೋಡಿದರೆ ಮನುಷ್ಯರಿಗೆ ಏನೂ ತಿಳಿಯುವುದಿಲ್ಲ. ಅದನ್ನು ನೋಡುವ ಉಪಾಯಕ್ಕೆ ಮೌಂಟ್ ಮಾಡುವುದು ಎನ್ನುತ್ತಾರೆ.

"ಈಗ ನೋಡಿ, ಇದು ನನ್ನದೇ ಬ್ಯಾಕಪ್." ಅವನು ಒಂದು ಕಪ್ಪು ಕಿಟಕಿಯಲ್ಲಿ ಒಂದು ಸಾಲು ಕುಟ್ಟಿದ. ಅಷ್ಟೆ. ಪಕ್ಕದಲ್ಲಿ, ಒಂದು ನಿಮಿಷದ ಹಿಂದೆ ಖಾಲಿ ಇದ್ದ ಫೋಲ್ಡರಿನಲ್ಲಿ ತಾರೀಕುಗಳು ಎದ್ದು ನಿಂತವು. ಒಂದೊಂದು ತಾರೀಕಿನ ಮುಂದೆ ಗಂಟೆ, ನಿಮಿಷ. ಒಂದರ ಮೇಲೆ ಒತ್ತಿದ; ಆ ದಿನ ಆ ಗಂಟೆಯಲ್ಲಿ ಅವನ ಅಂಗಡಿಯ ಕಂಪ್ಯೂಟರಿನಲ್ಲಿ ಏನೇನಿತ್ತೋ ಎಲ್ಲ ಇದ್ದಂತೆ ಕೂತಿತ್ತು. ಹಳೇ ಕ್ಯಾಲೆಂಡರಿನ ಹಾಳೆ ಸರಿಸಿದರೆ ಹಿಂದೆ ಆ ದಿನದ ಮನೆಯೇ, ಒಲೆಯ ಮೇಲಿನ ಪಾತ್ರೆ ಸಮೇತ ಇದ್ದ ಹಾಗೆ.

ತೋರಿಸಲೆಂದು ಅವನು ಒಂದು ಪತ್ರ ತೆರೆದ. ಮನೆಮುಂದಿನ ಚರಂಡಿ ಕಟ್ಟಿದ್ದರ ಬಗ್ಗೆ ಪಾಲಿಕೆಯವರಿಗೆ ಬರೆದದ್ದು. ಬೆಳಿಗ್ಗೆ ಒಂಬತ್ತರ ಪ್ರತಿಯಲ್ಲಿ ಅದು ವಿನಂತಿಯಾಗಿತ್ತು. ಹನ್ನೊಂದಕ್ಕೆ ಎಚ್ಚರಿಕೆ. ಒಂದು ಗಂಟೆಗೆ ಯಾರದೋ ವಂಶದ ವಿಚಾರವೂ ಬಂದಿತ್ತು. ನಾಲ್ಕು ಗಂಟೆಯದರಲ್ಲಿ ಮತ್ತೆ ವಿನಂತಿ.

"ಕಳ್ಸಿದ್ದು ಯಾವುದು?"

"ನಾಲ್ಕು ಗಂಟೇದು," ಎಂದು ಲಿಖಿತಾ ಒಳಗಿಂದಲೇ ಹೇಳಿದಳು. "ಒಂದು ಗಂಟೇದು ನನಗೆ ಓದಿ ಹೇಳಿದ್ರು, ಅಷ್ಟೇ ಪೌರುಷ."

ಧನಲಕ್ಷ್ಮಿಗೆ ನಗು ಬಂದರೂ ಕೇಳಬೇಕಾದ್ದನ್ನು ಕೇಳಿದಳು. "ಇದನ್ನ ಈಗ ತಿದ್ದಿಬಿಟ್ರೆ?"

"ತಿದ್ದಿ ನೋಡಿ."

ಅವಳು ತಿದ್ದಲು ಹೋದಳು, ಆಗಲಿಲ್ಲ. ಅಳಿಸಲು ಹೋದಳು, ಆಗಲಿಲ್ಲ. ಓದಲು ಮಾತ್ರ, ಎಂದಿತು ಯಂತ್ರ.

"ನಾನೂ ತಿದ್ದಕ್ಕಾಗಲ್ಲ, ನೀವೂ ತಿದ್ದಕ್ಕಾಗಲ್ಲ. ನಿಮ್ಮ ಅಧ್ಯಕ್ಷರಿಗೂ ಅಷ್ಟೇ, ಎಷ್ಟೇ ಕೂಗಾಡ್ಲಿ. ಒಳಗೆ ಹೋಗಿ ಓಡಾಡ್ಬಹುದು, ಓದ್ಬಹುದು, ಬರ್ಬಹುದು. ಒಂದೇ ಒಂದು, ಈ ಕಪ್ಪು ಕಿಟಕಿ ಮುಚ್ಚಬಾರ್ದು. ಮುಚ್ಚಿದ್ರೆ ಎಲ್ಲ ಮಾಯ. ಮತ್ತೆ ಮೊದಲಿಂದ."

ಅವಳು ನೋಟ್‌ಬುಕ್ಕಿನಲ್ಲಿ ಆ ಸಾಲನ್ನು ಅಕ್ಷರ ಬಿಡದೆ ಬರೆದುಕೊಂಡಳು. ಕಪ್ಪು ಕಿಟಕಿ ಎಂಬುದರ ಕೆಳಗೆ ಎರಡು ಗೆರೆ ಎಳೆದಳು. ನಾಲ್ಕು ಸಲ ಅವನ ಎದುರಿಗೇ ಮಾಡಿ ತೋರಿಸಿದಳು.

"ಪಾಸ್‌ವರ್ಡ್ ಕೇಳುತ್ತೆ," ಎಂದ ಶಶಿಧರ್. "ಅದು ನನಗೆ ನೆನಪಿಲ್ಲ. ಆದ್ರೆ ಪೆಟ್ಟಿಗೆ ನೆತ್ತಿ ಮೇಲೇ ಸ್ಟಿಕ್ಕರಲ್ಲಿ ಬರ್ದು, ಸೆಲ್ಲೋಟೇಪ್ ಅಂಟಿಸಿದೀನಿ."

"ಎಲ್ಲರಿಗೂ ಕಾಣೋ ಹಂಗಾ?"

"ನಿಮ್ಮ ಆಫೀಸಲ್ಲಿ ಯಾರಾದ್ರೂ ಬೀರು ಮೇಲೆ ನೋಡ್ತಾರಾ? ಅದಕ್ಕಿಂತ ಭದ್ರವಾದ ಜಾಗ ಇಲ್ಲ." ಆಮೇಲೆ ಸ್ವಲ್ಪ ಗಂಭೀರನಾದ. "ನೋಡಿ, ಒಳಗೆ ಏನಿದೆಯೋ ನನಗೂ ಗೊತ್ತಿಲ್ಲ. ಯಾರಾದ್ರೂ ಪ್ಲಗ್ ಕಿತ್ತಿದ್ರೆ ಆ ಹೊತ್ತಿಂದು ಇರಲ್ಲ. ಸುಮ್ನೆ ಎಲ್ಲರ ಮುಂದೆ ತೆಗ್ದು, ಖಾಲಿ ಬಂದ್ರೆ?"

"ಸಹಿ ಹಾಕಿದ್ರೂ ಹೋಗೋದು ನನ್ನ ಹೆಸರೇ," ಎಂದಳು ಧನಲಕ್ಷ್ಮಿ. "ತೆಗ್ದು ನೋಡಿಯೇ ಹೋಗ್ಲಿ."

ಸೋಮವಾರ ಹತ್ತೂವರೆಗೆ ಚುನಾವಣಾಧಿಕಾರಿ ಅನುಷಾ ಬಂದರು. ಮೂವತ್ತರ ಆಸುಪಾಸಿನ ಹೆಂಗಸು, ಕೈಯಲ್ಲಿ ಸ್ಟೀಲಿನ ನೀರಿನ ಬಾಟಲಿ, ಮುಖದಲ್ಲಿ ಈ ತಿಂಗಳು ಇದು ಮೂರನೆಯ ಸಂಘ ಎಂಬ ದಣಿವು. ಓಂಕಾರಪ್ಪನವರು ತರಿಸಿದ ಎಳನೀರನ್ನು ಅವರು ಮೇಜಿನ ಅಂಚಿಗೆ ಸರಿಸಿಟ್ಟರು. ಅಧ್ಯಕ್ಷರು ಬರಲಿಲ್ಲ, ಇಂಥ ದಿನಗಳಲ್ಲಿ ಅವರಿಗೆ ಊರಾಚೆ ಕೆಲಸ ಬೀಳುತ್ತಿತ್ತು. ಬಾಗಿಲು, ಕಿಟಕಿ, ಮೆಟ್ಟಿಲು ಎಲ್ಲೆಲ್ಲೂ ನಿವೃತ್ತರ ತಲೆಗಳು. ಪರಮೇಶ್ವರಪ್ಪ ಮುಂದಿನ ಕುರ್ಚಿಯಲ್ಲಿ ಊಟದ ಡಬ್ಬಿ ಸಮೇತ ಕೂತಿದ್ದರು. ಶಿಫ್ಟು ಎಷ್ಟು ಹೊತ್ತಿಗೆ ಮುಗಿಯುತ್ತದೋ ಹೇಳಲು ಬಾರದು.

"ಮೇಡಂ, ವಿಷಯ ಸರಳ," ಎಂದರು ಓಂಕಾರಪ್ಪ. "ಆಪರೇಟರ್ ಕಡೆಯಿಂದ ಕಣ್ತಪ್ಪಾಗಿತ್ತು, ಅವಳೇ ಸರಿ ಮಾಡಿದಾಳೆ. ಬರ್ದೂ ಕೊಡ್ತಾಳೆ. ಎಲ್ಲಿ, ಧನಲಕ್ಷ್ಮಿ, ಸಹಿ ಆಯ್ತಾ?"

ಧನಲಕ್ಷ್ಮಿ ಎದ್ದು ನಿಂತಳು.

"ಸಹಿಗೆ ಮುಂಚೆ ಒಂದು ತೋರಿಸ್ಬೇಕು ಮೇಡಂ. ಬೀರು ಮೇಲೆ ನಮ್ಮ ಹಳೇ ದಿನಗಳೆಲ್ಲ ಇದಾವೆ."

"ಏನಮ್ಮ ಇದು, ಜ್ಯೋತಿಷ್ಯ ಹೇಳ್ತಿದೀಯಾ?" ಎಂದು ಓಂಕಾರಪ್ಪ ನಕ್ಕರು. ಅವರೊಬ್ಬರೇ ನಕ್ಕರು.

"ಬ್ಯಾಕಪ್ಪಾ?" ಎಂದು ಅನುಷಾ ಕೇಳಿದರು. ಮೊದಲ ಸಲ ಅವರ ಬೆನ್ನು ಕುರ್ಚಿಯಿಂದ ಮುಂದೆ ಬಂತು. "ಇಳಿಸಿ."

ವೈರು ಉದ್ದವಿತ್ತು. ದೀಪ ಆರದಂತೆ ಧನಲಕ್ಷ್ಮಿಯೂ ಚೌಡಮ್ಮನೂ ಪೆಟ್ಟಿಗೆಯನ್ನು ಮೇಜಿಗೆ ಇಳಿಸಿದರು. ಆಫೀಸಿನ ಕಂಪ್ಯೂಟರಿನ ಪರದೆ, ಕೀಬೋರ್ಡು, ಮೌಸುಗಳನ್ನು ಬಿಚ್ಚಿ ಇದಕ್ಕೆ ಸಿಕ್ಕಿಸಿದಳು. ಆಮೇಲೆ ನೆತ್ತಿಯ ಮೇಲೆ ಸ್ಟಿಕ್ಕರ್ ಹುಡುಕಿದಳು. ಅಲ್ಲಿ ಸ್ಟಿಕ್ಕರ್ ಇರಲಿಲ್ಲ, ಐದು ಆಯುಧಪೂಜೆಗಳಿದ್ದವು. ಒಂದರ ಮೇಲೊಂದು ಗಂಧ, ಅರಿಶಿನ, ಕುಂಕುಮ, ಅಕ್ಷತೆ. ಉಗುರಿಗೆ ಜಗ್ಗದ ಗಟ್ಟಿ ಪದರ.

"ನೀರು ಹಾಕ್ಲಾ?" ಎಂದಿತು ಕಿಟಕಿಯ ಒಂದು ತಲೆ.

"ನೀರು ಹಾಕಿದ್ರೆ ನಿನ್ನ ಓಟೂ ಅದರ ಜೊತೆಗೇ ತೊಳ್ಕೊಂಡು ಹೋಗುತ್ತೆ, ಸುಮ್ನಿರು," ಎಂದರು ಪರಮೇಶ್ವರಪ್ಪ.

ಚೌಡಮ್ಮ ದೇವರ ಫೋಟೊದ ಹತ್ತಿರದಿಂದ ಕೊಬ್ಬರಿ ಎಣ್ಣೆಯ ಬಾಟಲಿ ತಂದಳು. "ಕುಂಕುಮ ಎಣ್ಣೆಗೆ ಬಿಡುತ್ತೆ. ಮದುಮಗಳ ಹಣೆ ಒರ್ಸಿದ ಕೈ ಇದು, ಕೊಡು ಇಲ್ಲಿ." ಸೆರಗಿನ ತುದಿಗೆ ಎರಡು ಹನಿ ಹಾಕಿಕೊಂಡು, ಚುನಾವಣಾಧಿಕಾರಿಯೂ ಕಾರ್ಯದರ್ಶಿಯೂ ಮೂವತ್ತು ನಿವೃತ್ತರೂ ನೋಡುತ್ತಿರುವಂತೆ, ಪೆಟ್ಟಿಗೆಯ ನೆತ್ತಿ ಉಜ್ಜಿದಳು. ಕೆಂಪು ಹೋಗಿ ಹಳದಿ ಬಂತು. ಹಳದಿ ಹೋಗಿ ಮತ್ತೆ ಕೆಂಪು. ಕೊನೆಗೆ ಸೆಲ್ಲೋಟೇಪಿನ ಕೆಳಗೆ ಅಕ್ಷರ ಕಂಡವು.

ಹೊಳೆಹೊನ್ನೂರು, ಅದರ ಮುಂದೆ ಒಂದು ತಾರೀಕು. ಶಶಿಧರನ ಮನೆಯ ಗೋಡೆಯ ಮೇಲೆ ಮದುವೆಯ ಫೋಟೊದ ಕೆಳಗೆ ಅವಳು ನಿನ್ನೆ ಕಂಡದ್ದು ಇದೇ ಊರು, ಇದೇ ತಾರೀಕು. ನೆನಪಿಲ್ಲ ಎಂದು ಅವನು ಹೆಂಡತಿಗೆ ಕೇಳುವಂತೆ ಹೇಳಿದ್ದನ್ನು ನೆನೆದು ಧನಲಕ್ಷ್ಮಿಗೆ ಅಂಥ ಹೊತ್ತಿನಲ್ಲೂ ಅಯ್ಯೋ ಪಾಪ ಅನ್ನಿಸಿತು.

ಅವಳು ನೋಟ್‌ಬುಕ್ ನೋಡಿಕೊಂಡು ಸಾಲು ಕುಟ್ಟಿದಳು. ಕಪ್ಪು ಕಿಟಕಿ ಏನೋ ಗೊಣಗಿತು. ಒಂದು ಕಡೆ ಜಾಗ ಬಿಡುವುದು ಮರೆತಿತ್ತು.

"ಆಯ್ತಲ್ಲ ತಮಾಷೆ," ಎಂದರು ಓಂಕಾರಪ್ಪ. "ಮೇಡಂಗೆ ಇನ್ನೂ ಎರಡು ಸಂಘ ಇದೆ."

"ನನಗೇನೂ ಅವಸರ ಇಲ್ಲ," ಎಂದರು ಅನುಷಾ.

ಎರಡನೇ ಸಲ ಕುಟ್ಟಿದಳು. ಪಾಸ್‌ವರ್ಡ್ ಕೇಳಿತು, ಕೊಟ್ಟಳು. ಏನೂ ಆಗಲಿಲ್ಲ. ಫ್ಯಾನು ತಿರುಗಿತು. ಪರಮೇಶ್ವರಪ್ಪ ಡಬ್ಬಿಯ ಮುಚ್ಚಳ ತಿರುಗಿಸಿದ ಸದ್ದು ಕೇಳಿತು. ಆಮೇಲೆ ಖಾಲಿ ಫೋಲ್ಡರಿನಲ್ಲಿ ಒಂದು ತಾರೀಕು, ಹತ್ತು ತಾರೀಕು, ಸಾವಿರ ತಾರೀಕು. ಪರದೆ ಸಾಲದೆ ಕೆಳಕ್ಕೆ ಇಳಿಯುತ್ತಲೇ ಹೋದವು.

ಮಹಾಸಭೆ ನಡೆದದ್ದು ಸೆಪ್ಟೆಂಬರ್ ಹದಿನಾಲ್ಕಕ್ಕೆ. ಹಾಜರಿ ಹತ್ತಿಸಿ ಮುಗಿಸಿದ್ದು ಹದಿನಾರಕ್ಕೆ. ಅವಳು ಹದಿನೇಳನೇ ತಾರೀಕಿನೊಳಗೆ ಹೋಗಿ ಪಟ್ಟಿ ತೆರೆದಳು. ಪರಮೇಶ್ವರಪ್ಪ: 'ಹಾ'. ತೊಂಬತ್ತಮೂರೂ 'ಹಾ'.

ಕಿಟಕಿಯ ತಲೆಗಳು ಹೋ ಎಂದವು. ಓಂಕಾರಪ್ಪನವರು ಕೈ ಎತ್ತಿದರು. ಅವರು ಸುಲಭಕ್ಕೆ ಬೀಳುವ ಮರವಲ್ಲ.

"ನಾನು ಹೇಳಿದ್ದೂ ಅದನ್ನೇ ಅಲ್ವಾ ಮೇಡಂ? ಮೊದ್ಲು ತಪ್ಪಾಗಿ ಹಾಜರು ಅಂತ ಹಾಕಿದ್ಲು, ಆಮೇಲೆ ಅವಳೇ ಸರಿ ಮಾಡಿದ್ಲು. ಈಗ ಅವಳೇ ಸಾಕ್ಷಿ ಕೊಟ್ಲು."

ತಲೆಗಳು ಒಂದನ್ನೊಂದು ನೋಡಿಕೊಂಡವು. ಮಾತು ಸರಿಯಾಗಿಯೇ ಇತ್ತು. ಅನುಷಾ ಧನಲಕ್ಷ್ಮಿಯನ್ನು ನೋಡಿದರು. "ಬದಲಾಗಿದ್ದು ಯಾವತ್ತು?"

"ನೋಡೋಣ ಮೇಡಂ. ನನಗೂ ಗೊತ್ತಿಲ್ಲ."

ಅವಳು ಒಂದೊಂದೇ ದಿನ ದಾಟಿದಳು. ಇಪ್ಪತ್ತಕ್ಕೆ 'ಹಾ'. ಇಪ್ಪತ್ತೈದಕ್ಕೆ 'ಹಾ'. ಮೂವತ್ತರ ಸಂಜೆ ಅವಳು ಮನೆಗೆ ಹೋಗುವ ಹೊತ್ತಿಗೂ 'ಹಾ'. ಅಕ್ಟೋಬರ್ ಒಂದು, ಮಹಾನವಮಿ. ಬೆಳಿಗ್ಗೆ ಹತ್ತಕ್ಕೆ ಒಂದು ಪ್ರತಿ, ಹನ್ನೊಂದಕ್ಕೆ ಒಂದು, ಎರಡರಲ್ಲೂ 'ಹಾ'. ಹನ್ನೆರಡಕ್ಕೆ ಪೂಜೆ, ಕಂಪ್ಯೂಟರ್ ಬಂದ್. ಹನ್ನೆರಡು, ಒಂದು, ಎರಡು, ಮೂರು ಗಂಟೆಯದು ಯಾವುದೂ ಇರಲಿಲ್ಲ. ಆಮೇಲೆ, ಅದೇ ದಿನ, ಸಂಜೆ ನಾಲ್ಕು ಗಂಟೆಯದೊಂದು. ಐದು ಗಂಟೆಯದೊಂದು.

"ಅವತ್ತು ಸಂಜೆ ಯಾರೋ ಕಂಪ್ಯೂಟರ್ ಹಾಕಿದಾರೆ," ಎಂದಳು ಧನಲಕ್ಷ್ಮಿ ಮೆಲ್ಲಗೆ.

ಆಯುಧಪೂಜೆ ಮಾಡಿ ಹೂ ಏರಿಸಿದ ಯಂತ್ರವನ್ನು ದಶಮಿಯವರೆಗೆ ಯಾರೂ ಮುಟ್ಟುವುದಿಲ್ಲ. ಲೇತ್ ತಿರುಗಿಸುವವನೂ ಮುಟ್ಟುವುದಿಲ್ಲ, ಹೊಲಿಗೆಯವನೂ ಮುಟ್ಟುವುದಿಲ್ಲ. ಕಾರ್ಖಾನೆಯ ಜನ ತುಂಬಿದ್ದ ಆ ಕೋಣೆಯಲ್ಲಿ ಒಂದು ಗುಸುಗುಸು ಎದ್ದಿತು. ಪಟ್ಟಿ ತಿದ್ದಿದ್ದಕ್ಕಿಂತ ಅದೇ ದೊಡ್ಡ ಅಪರಾಧ ಎಂಬಂತೆ.

"ಸುಳ್ಳು!" ಎಂದು ಓಂಕಾರಪ್ಪ ಮೇಜು ಕುಟ್ಟಿದರು. "ಈ ಡಬ್ಬ ಸುಳ್ಳು ಹೇಳ್ತಿದೆ. ಅವತ್ತು ನಾನೇ ನಿಂತು ಎಲ್ಲಾ ಪ್ಲಗ್ ತೆಗ್ಸಿ, ಎಲ್ಲರನ್ನೂ ಕಳ್ಸಿ, ಬೀಗ ಹಾಕಿ, ಬೀಗದ ಕೈ..."

ಅಲ್ಲಿಗೆ ಮಾತು ನಿಂತಿತು. ಅವರು ಕನ್ನಡಕ ತೆಗೆದು ಒರೆಸತೊಡಗಿದರು.

"ಎಲ್ಲಾ ತೆಗ್ದೆ ಸಾಮಿ," ಎಂದಳು ಚೌಡಮ್ಮ ಬಾಗಿಲಲ್ಲಿ ನಿಂತು. "ಇದೊಂದು ತೆಗೀಲಿಲ್ಲ. ದೀಪ ಉರೀತಿತ್ತಲ್ಲ? ಹಬ್ಬದ ದಿನ ಉರಿಯೋ ದೀಪ ಯಾರಾದ್ರೂ ಆರಿಸ್ತಾರಾ? ಕುಂಕುಮ ಇಟ್ಟು, ಹೂ ಏರ್ಸಿ, ಕೈ ಮುಗ್ದು ಹಂಗೇ ಬಿಟ್ಟೆ. ಪ್ರತಿ ವರ್ಷನೂ ಹಂಗೇ ಬಿಡೋದು."

ಧನಲಕ್ಷ್ಮಿ ನಾಲ್ಕು ಗಂಟೆಯ ಪ್ರತಿ ತೆರೆದಳು. ಅಲ್ಲಿ ನಲವತ್ತೊಂದು ಮಂದಿ ಗೈರಾಗಿದ್ದರು. ಉಳಿದ ಐವತ್ತೆರಡು ಮಂದಿ ಇನ್ನೂ ಹಾಜರು. ತಿದ್ದುತ್ತಿದ್ದ ಕೈ ಎತ್ತುವ ಮೊದಲೇ ಪೆಟ್ಟಿಗೆ ಅದನ್ನು ಹಿಡಿದಿಟ್ಟಿತ್ತು. ಐದು ಗಂಟೆಯದರಲ್ಲಿ ತೊಂಬತ್ತಮೂರೂ ಗೈರು.

"ಗಂಟೆಗೆ ಐವತ್ತೆರಡು," ಎಂದರು ಪರಮೇಶ್ವರಪ್ಪ, ಕ್ರೇನಿನ ಮೇಲಿಂದ ಕೂಗುವ ದನಿಯಲ್ಲಿ. "ಈ ಪ್ರೊಡಕ್ಷನ್ ನಮ್ಮ ಫ್ಯಾಕ್ಟ್ರೀಲಿ ಇದ್ದಿದ್ರೆ ಭದ್ರಾವತಿ ಕತೆಯೇ ಬೇರೆ ಆಗ್ತಿತ್ತು!"

ನಗೆ ಅಡಗಿದ ಮೇಲೆ ಅನುಷಾ ಕೇಳಿದರು: "ಅವತ್ತು ಬೀಗದ ಕೈ ಯಾರ ಹತ್ರ ಇತ್ತು?"

ಧನಲಕ್ಷ್ಮಿ ಫೋನು ತೆಗೆದು ಸಂಘದ ವಾಟ್ಸಾಪ್ ಗುಂಪಿನಲ್ಲಿ ಮಹಾನವಮಿಗೆ ಹೋದಳು. ಹಾರ ಹಾಕಿದ ಕಂಪ್ಯೂಟರಿನ ಫೋಟೊ, ಅದರ ಪಕ್ಕ ಪಂಚೆಯುಟ್ಟು ಕೈಮುಗಿದ ಕಾರ್ಯದರ್ಶಿ, ಅದರ ಕೆಳಗೆ ಒಂದು ಸಂದೇಶ. ಅನುಷಾ ಅದನ್ನು ಓಂಕಾರಪ್ಪನವರ ಕಡೆ ಚಾಚಿದರು. "ನೀವೇ ಬರ್ದಿದ್ದು, ನೀವೇ ಓದಿ."

"ಕನ್ನಡಕ..." ಎಂದರು ಓಂಕಾರಪ್ಪ.

"ಕೈಲೇ ಇದೆ," ಎಂದಳು ಚೌಡಮ್ಮ.

ಅವರು ಓದಲಿಲ್ಲ. ಅನುಷಾ ತಾವೇ ಗಟ್ಟಿಯಾಗಿ ಓದಿದರು: "ಶ್ರದ್ಧಾಭಕ್ತಿಯಿಂದ ಪೂಜೆ ನೆರವೇರಿತು. ವಿಜಯದಶಮಿ ಮುಗಿಯುವವರೆಗೆ ಸಿಬ್ಬಂದಿ ಯಾರೂ ಕಂಪ್ಯೂಟರ್ ಮುಟ್ಟತಕ್ಕದ್ದಲ್ಲ. ಮುನ್ನೆಚ್ಚರಿಕೆಯಾಗಿ ಎರಡೂ ಬೀಗದ ಕೈ ನನ್ನ ಬಳಿಯೇ ಇರುತ್ತವೆ. ಓಂಕಾರಪ್ಪ, ಕಾರ್ಯದರ್ಶಿ." ಕೆಳಗೆ ಹನ್ನೊಂದು ಜನ ಕೈಮುಗಿದಿದ್ದರು.

ಆಗ ಓಂಕಾರಪ್ಪನವರು, ಯಾರೂ ತಡೆಯುವಷ್ಟರಲ್ಲಿ, ಮೌಸಿಗೆ ಕೈ ಹಾಕಿದರು. "ವೈರಸ್ ಇದು. ಹೋದ್ಸಲನೂ ಹಿಂಗೇ ಬಂದಿತ್ತು. ತೆಗ್ದುಬಿಡ್ಬೇಕು." ನಾಲ್ಕು ಗಂಟೆಯನ್ನು ಹಿಡಿದು ಅಳಿಸುವ ಗುಂಡಿ ಒತ್ತಿದರು. ಓದಲು ಮಾತ್ರ, ಎಂದಿತು ಪೆಟ್ಟಿಗೆ. ಮತ್ತೆ ಒತ್ತಿದರು. ಓದಲು ಮಾತ್ರ.

"ಇನ್ನೊಂದ್ಸಲ ಒತ್ತಿ," ಎಂದರು ಅನುಷಾ, ಪೆನ್ನಿನ ಮುಚ್ಚಳ ತೆಗೆಯುತ್ತ. "ಎಷ್ಟು ಸಲ ಒತ್ತಿದ್ರಿ ಅಂತ ನಡಾವಳೀಲಿ ಬರೀಬೇಕು."

ಓಂಕಾರಪ್ಪ ಕೈ ತೆಗೆದರು.

ಎರಡು ಗಂಟೆಗೆ ಆದೇಶವಾಯಿತು: ತೊಂಬತ್ತಮೂರು ಹೆಸರುಗಳೂ ಮತದಾರರ ಪಟ್ಟಿಗೆ ವಾಪಸ್ಸು, ಪಟ್ಟಿ ತಿದ್ದಿದ್ದರ ಬಗ್ಗೆ ಮೇಲಿನವರಿಗೆ ವರದಿ, ಪೆಟ್ಟಿಗೆಯೊಳಗಿನದರ ಒಂದು ಪ್ರತಿ ಮೊಹರು ಮಾಡಿ ಅಧಿಕಾರಿಯ ವಶಕ್ಕೆ. "ನಿಮ್ಮ ಹೇಳಿಕೆಯೂ ಬೇಕು," ಎಂದರು ಅನುಷಾ.

ಧನಲಕ್ಷ್ಮಿ ಓಂಕಾರಪ್ಪನವರು ಕೊಟ್ಟಿದ್ದ ಕಾಗದವನ್ನೇ ಎಳೆದುಕೊಂಡಳು. ಮೊದಲು ಕೆಂಪು ಪೆನ್ನಿನಲ್ಲಿ ಮೂರು ಕಾಗುಣಿತ ತಿದ್ದಿದಳು. ಅವನ್ನು ಹಾಗೇ ಬಿಡಲು ಅವಳಿಂದ ಆಗುತ್ತಿರಲಿಲ್ಲ. ಆಮೇಲೆ ಕಾಗದ ತಿರುಗಿಸಿ, ಬೆನ್ನಿನ ಮೇಲೆ ತಾನು ಮಾಡಿದ್ದೇನು, ಮಾಡದ್ದೇನು, ಮುಂಬದಿಯ ಬರಹಕ್ಕೆ ಸಹಿ ಹಾಕೆಂದು ಹೇಳಿದವರು ಯಾರು ಎಂದು ಬರೆದಳು. ಈ ಸಲ ಚುಕ್ಕಿ ಸಾಲಿನ ಅಗತ್ಯ ಬೀಳಲಿಲ್ಲ. ದೊಡ್ಡದಾಗಿ ಸಹಿ ಹಾಕಿದಳು.

ಜನ ಕರಗಿದ ಮೇಲೆ ಓಂಕಾರಪ್ಪ ಅವಳ ಮೇಜಿನ ಹತ್ತಿರ ಬಂದರು. "ನಾಳೆಯಿಂದ ಬರ್ಬೇಡ."

"ಹತ್ತು ಗಂಟೆಗೆ ಬರ್ತೀನಿ ಸಾರ್."

"ಬರ್ಬೇಡ ಅಂದೆ."

"ಹಂಗಾದ್ರೆ ಬರ್ದು ಕೊಡಿ. ಯಾಕೆ ಬೇಡ ಅಂತ ಕಾರಣ ಸಮೇತ. ಟೈಪ್ ಬೇಕಾದ್ರೆ ನಾನೇ ಮಾಡ್ಕೊಡ್ತೀನಿ. ಜೆರಾಕ್ಸ್ ಅಂಗಡಿಯವರಿಗೆ ಕಾಗುಣಿತ ಬರಲ್ಲ."

ಅವಳೂ ಚೌಡಮ್ಮನೂ ಪೆಟ್ಟಿಗೆಯನ್ನು ಮತ್ತೆ ಬೀರುವಿನ ಮೇಲೆ ಏರಿಸಿದರು. ಒರೆಸಿ ಬೋಳಾದ ನೆತ್ತಿ ನೋಡಲಾರದೆ ಚೌಡಮ್ಮ ಒಂದು ಬೊಟ್ಟು ಕುಂಕುಮ ಇಟ್ಟಳು. ಸ್ಟಿಕ್ಕರ್ ಬಿಟ್ಟು, ಸ್ವಲ್ಪ ಪಕ್ಕಕ್ಕೆ.

ಮರುದಿನ ಹತ್ತಕ್ಕೆ ಧನಲಕ್ಷ್ಮಿ ಬಂದಾಗ ಆಫೀಸಿಗೆ ಬೀಗ. ಅವಳು ಮೆಟ್ಟಿಲ ಮೇಲೆ ಕೂತಳು. ಚೌಡಮ್ಮ ಪೊರಕೆ ಒರಗಿಸಿ ಪಕ್ಕದಲ್ಲಿ ಕೂತಳು. ಹತ್ತೂಕಾಲಿಗೆ ಪರಮೇಶ್ವರಪ್ಪ ಬಂದರು, ಡಬ್ಬಿ ಸಮೇತ; ಏನೂ ಕೇಳದೆ ಕೆಳಗಿನ ಮೆಟ್ಟಿಲಲ್ಲಿ ಕೂತರು. ಅವರ ಹಿಂದೆ ಇಬ್ಬರು, ಆಮೇಲೆ ನಾಲ್ವರು, ಆಮೇಲೆ ಎಣಿಸುವುದನ್ನು ಬಿಟ್ಟಳು. ಹತ್ತೂ ಮುಕ್ಕಾಲಿಗೆ ರಸ್ತೆಯ ತಿರುವಿನಲ್ಲಿ ಓಂಕಾರಪ್ಪನವರ ಸ್ಕೂಟರು ಕಾಣಿಸಿತು. ಮೆಟ್ಟಿಲು ನೋಡಿ ನಿಧಾನವಾಯಿತು. ವಾಪಸ್ಸು ತಿರುಗಿಸಲು ರಸ್ತೆ ಕಿರಿದಾಗಿತ್ತು.

ಅವರು ಇಳಿದು, ಮೊಣಕಾಲುಗಳ ನಡುವೆ ಕಾಲಿಡಲು ಜಾಗ ಹುಡುಕುತ್ತ ಮೇಲೆ ಬಂದರು. ಯಾರೂ ಏಳಲಿಲ್ಲ. ಬಾಗಿಲ ಹತ್ತಿರ ಧನಲಕ್ಷ್ಮಿ ಮಾತ್ರ ಎದ್ದು, ಸೀರೆಯ ಧೂಳು ಕೊಡವಿ, ಗಡಿಯಾರ ನೋಡಿಕೊಂಡಳು.

"ಎರಡೂ ಬೀಗದ ಕೈ ನಿಮ್ಮ ಹತ್ರಾನೇ ಇರುತ್ತೆ ಅಂತ ನೀವೇ ಹಾಕಿದ್ರಿ ಸಾರ್," ಎಂದಳು. "ಬೇಗ ಬರ್ಬೇಕಲ್ವಾ? ಒಳಗೆ ಕೆಲಸ ಇದೆ."